ಹುಕುಂ ಸಾಹೇಬನ ಐದು ಉಸಿರು

ನನ್ನ ಕಾಲುಪೇಟಿಯ ಪಟ್ಟಾ ಆ ದಿನ ಹರಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾವೇರಿಯ ಆ ಸಭಾಂಗಣದಲ್ಲಿ ಕುಳಿತಿದ್ದವರೆಲ್ಲ ಅದು ಹರಿದಿತ್ತೆಂದೇ ಇಂದಿಗೂ ನಂಬಿದ್ದಾರೆ. ಕಾಲಿನಿಂದ ತುಳಿದು ಗಾಳಿ ತುಂಬುವ ಹಾರ್ಮೋನಿಯಮ್ಮಿಗೆ ನಾಟಕದ ಮಂದಿ ಕಾಲುಪೇಟಿ ಎನ್ನುತ್ತೇವೆ. ತುಳಿಯುವ ಹಲಗೆಗೂ ತಿದಿಗೂ ನಡುವೆ ಒಂದು ಗಟ್ಟಿ ಪಟ್ಟಾ ಇರುತ್ತದೆ. ಅದನ್ನು ಆ ವಾರವಷ್ಟೇ ನನ್ನ ಕೈಯಾರೆ ಹೊಲಿದು ಹಾಕಿದ್ದೆ. ಪೇಟಿ ರಿಪೇರಿಯೇ ನನ್ನ ಹೊಟ್ಟೆಪಾಡು. ನಾನು ಹೊಲಿದ ಪಟ್ಟಾ ಹಾಗೆಲ್ಲ ಹರಿಯುವುದಿಲ್ಲ. ಆದರೂ ತುಂಬಿದ ಸಭೆಯ ಎದುರು ಕೈ ಎತ್ತಿ, ಹರಿಯಿತು ಎಂದು ತೋರಿಸಿದೆ. ಯಾಕೆ ಹಾಗೆ ಮಾಡಿದೆ ಎಂಬುದೇ ಈ ಬರಹ.

ಶುರುವಾದದ್ದು ಹಾವೇರಿಯ ಒಬ್ಬ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರಿಂದ. ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ಅವರು ಒಂದು ದಿನ ಬ್ಯಾಡಗಿಯ ನನ್ನ ಅಂಗಡಿಗೆ ಹಳೆಯ ಪುಸ್ತಕವೊಂದರ ಝೆರಾಕ್ಸ್ ಕಟ್ಟು ಹಿಡಿದು ಬಂದರು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಹಾಸ್ಯದ ಸಂಗೀತ ನಾಟಕ. ಮೊದಲ ಹಾಳೆಗಳು ಹರಿದು ಹೋಗಿದ್ದರಿಂದ ಬರೆದವರಾರೆಂದು ಅವರಿಗೂ ತಿಳಿದಿರಲಿಲ್ಲ. ಹಾಡಿನ ಸಾಲುಗಳ ಮೇಲೆ ಗೆರೆ ಎಳೆದು ಇಂಗ್ಲಿಷ್ ಸ್ವರಲಿಪಿ ಕೊಟ್ಟಿದ್ದರು, ಅದು ನನ್ನ ಕಣ್ಣಿಗೆ ಕಟ್ಟಿರುವೆ ಸಾಲಿನಂತೆ ಕಂಡಿತು.

"ಆ ಕಾಲಕ್ಕ ಲಂಡನ್ನಿನಾಗೂ ಕಂಪನಿ ನಾಟಕ ಇದ್ವು ಮಾಸ್ತರ" ಎಂದರು ಸರ್. "ಕಥಿ ಏನೂ ಇರೂದಿಲ್ಲ. ಹುಡುಗ, ಹುಡುಗಿ, ಕಡೀಕ ಮದಿವಿ. ಅವರಿಬ್ಬರೂ ಯಾರಿಗೂ ನೆನಪ ಉಳಿಯೂದಿಲ್ಲ. ನೆನಪ ಉಳಿಯೂದು ಯಾರಪಾ ಅಂದ್ರ ಮಗ್ಗಲದಾಗ ನಿಂತವರು. ದೊಡ್ಡ ಕುರ್ಚಿ ಮ್ಯಾಗ ಕುಂತ ದಡ್ಡ ಸಾಹೇಬ. ವಯಸ್ಸಾದ್ರೂ ಮದಿವಿ ಆಸೆ ಬಿಡದ ದಪ್ಪ ದನಿ ಹೆಣ್ಣಮಗಳು. ಧೈರ್ಯದ ಪದ ಹಾಡಕೋತ ಹಿಂದ ಹಿಂದ ಸರಿಯೋ ಸಿಪಾಯ್ಗೋಳು."

ಇವರಲ್ಲಿ ದಡ್ಡ ಸಾಹೇಬನೇ ಸರ್ ಅವರ ಪ್ರೀತಿಯ ಪಾತ್ರ. ಊರಿಗೆ ಒಬ್ಬ ಅಧಿಕಾರಿ ಬರುತ್ತಾನೆ, ಕಂಡದ್ದಕ್ಕೆಲ್ಲ ಹುಕುಂ ಹೊರಡಿಸುತ್ತಾನೆ. ಗಾಳಿಗೂ ಹುಕುಂ, ಕೋಳಿಗೂ ಹುಕುಂ. ಅವನಿಗೆ ಒಂದು ಹಾಡಿದೆ, ಹದಿನಾರು ಸಾಲು, ಓಟದ ಮೇಲೆ ಓಟ. ನಾಲಗೆ ಎಲ್ಲಿಯೂ ತಡೆಯಬಾರದು, ಉಸಿರು ಎಲ್ಲಿಯೂ ನಿಲ್ಲಬಾರದು. ಲಂಡನ್ನಿನ ಮಂದಿ ಈ ಹಾಡಿಗಾಗಿಯೇ ಟಿಕೆಟ್ ತೆಗೆಸುತ್ತಿದ್ದರಂತೆ. ಮುಗಿದ ಕೂಡಲೇ 'ಎನ್ಕೋರ್' ಎಂದು ಕೂಗುತ್ತಿದ್ದರಂತೆ.

"ಹಂಗಂದ್ರ?" ಎಂದೆ.

"ನಮ್ಮ ಒನ್ಸ್ ಮೋರ್" ಎಂದರು. ಅಷ್ಟು ಕೇಳಿದ ಮೇಲೆ ನನಗೆ ಆ ನಾಟಕ ಪರದೇಶದ್ದೆಂದು ಅನ್ನಿಸಲೇ ಇಲ್ಲ.

ಆಡಿಸೋಣ ಎಂದುಕೊಂಡೆವು; ಹುಕುಂ ಸಾಹೇಬನ ಪಾತ್ರಕ್ಕೆ ಯಾರೆಂದು ನಾನು ಯೋಚಿಸಲೂ ಇಲ್ಲ. ರಾಣೆಬೆನ್ನೂರಿನಲ್ಲಿ ನಾವೆಲ್ಲ ಕಾಕಾ ಎಂದೇ ಕರೆಯುವ ಒಬ್ಬರಿದ್ದರು. ಕಂಪನಿ ನಾಟಕಗಳ ಹಾಸ್ಯನಟ, ಅರವತ್ತೈದು ದಾಟಿದವರು. ರಂಗಕ್ಕೆ ಬರುವಾಗ ಮೊದಲು ವಿಂಗಿನಿಂದ ಬರೀ ಮೂಗು ತೋರಿಸುವರು. ಮೂಗಿಗೇ ಜನ ನಗುತ್ತಿದ್ದರು. ಸರ್ ಪಾತ್ರಗಳನ್ನೆಲ್ಲ ವಿವರಿಸುವುದನ್ನು ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಇವರೇನು ಇಂಗ್ಲಂಡಿನವರಲ್ಲ ಬಿಡ್ರಿ ಸರ. ಈ ದಡ್ಡ ಸಾಹೇಬ ನಮ್ಮ ಬೀಗರ ಪೈಕಿ. ಆ ಹೆಣ್ಣಮಗಳು ನಮ್ಮ ಅತ್ತಿ ಇದ್ದಂಗ ಅದಾಳ" ಎಂದರು.

ಅವರು ಪಾತ್ರವನ್ನು ಹಿಡಿಯುವ ಬಗೆ ಬೇರೆಯೇ. ನಾನೊಮ್ಮೆ ಹಾಡಿನ ಮಧ್ಯೆ ನಕ್ಕುಬಿಟ್ಟೆ. ಕಾಕಾ ಹಾಡು ನಿಲ್ಲಿಸಿದರು. "ನೀ ನಗು, ಮಂದಿ ನಗಲಿ. ನಾ ನಗಬಾರದು. ಹುಕುಂ ಸಾಹೇಬ ಖರೇನ ಗಾಳಿ ತನ್ನ ಮಾತ ಕೇಳತೈತಿ ಅಂತ ತಿಳಕೊಂಡಾನ. ಅವಂಗ ಅದು ಹಾಸ್ಯ ಅಲ್ಲ, ಡ್ಯೂಟಿ. ಅವ ಎಷ್ಟು ಡ್ಯೂಟಿ ಮಾಡ್ತಾನ, ಮಂದಿ ಅಷ್ಟು ನಗತಾರ." ಇಷ್ಟು ವರ್ಷ ಪೇಟಿ ಬಾರಿಸಿ ನಾನು ಹಾಸ್ಯದ ಬಗ್ಗೆ ಕಲಿತದ್ದಕ್ಕಿಂತ ಹೆಚ್ಚು ಆ ನಾಲ್ಕು ಮಾತಿನಲ್ಲಿತ್ತು.

ಹಾಡನ್ನು ಕನ್ನಡಕ್ಕೆ ಇಳಿಸಿದ್ದು ನಾವು ಮೂವರೂ ಸೇರಿ. ಸರ್ ಅರ್ಥ ಹೇಳುವರು, ಕಾಕಾ ಅದನ್ನು ನಮ್ಮ ಮಾತಿಗೆ ತಿರುಗಿಸುವರು, ನಾನು ದಾದರಾ ತಾಳಕ್ಕೆ ಕೂಡಿಸುವೆ. ಇಂಗ್ಲಿಷ್ ಸಾಲಿನ ಓಟ ಆರು ಮಾತ್ರೆಯ ದಾದರಾಕ್ಕೆ ಅಳತೆ ತೆಗೆದು ಹೊಲಿದಂತೆ ಕೂತಿತು. ಲಂಡನ್ನಿನ ಗಡಿಯಾರ ಗೋಪುರಗಳೆಲ್ಲ ಹೋಗಿ ಎಮ್ಮೆ, ಸಗಣಿ ಬಂದವು:

ಗಾಳಿಗೊಂದು ಹುಕುಂ ಕೊಟ್ಟೆ, ಮಳಿಗಿ ಒಂದು ನೋಟೀಸ ಕೊಟ್ಟೆ,
ಹುಂಜ ಕೂಗೋ ಹೊತ್ತಿಗಂತ ರಜಿಸ್ಟರೊಂದ ಇಟ್ಟೆ;
ಎಮ್ಮಿ ಹಾಲಿಗ್ ಎಮ್ಮಿ ಸಹಿ, ಕರುವಿನ ಕಡಿಂದ ಸಾಕ್ಷಿ ಸಹಿ,
ಸಗಣಿ ಸುದ್ಧಾ ಮೂರು ಪ್ರತಿ ಮಾಡಿಸಿ ನಾ ಇಟ್ಟೆ!

ಇಲ್ಲಿ ಸಿಪಾಯಿಗಳ ಮೇಳ "ಹೌದ್ರೀ ಸಾಹೇಬ್ರ, ಮೂರು ಪ್ರತಿ!" ಎಂದು ಎತ್ತುತ್ತದೆ. ಹೀಗೆ ಹದಿನೈದು ಸಾಲು ಊರನ್ನೆಲ್ಲ ಆಳಿದ ಮೇಲೆ ಕೊನೆಯ ಸಾಲು: "ಇಷ್ಟೆಲ್ಲಾ ಮಾಡಿ ನೋಡಿದ್ರ, ನನ್ನ ಮಾತ ನಮ್ಮನಿ ಬೆಕ್ಕೂ ಕೇಳೂದಿಲ್ಲ." ಆ ಸಾಲನ್ನು ಕಾಕಾ ಹಾಡುತ್ತಿರಲಿಲ್ಲ, ಮೆತ್ತಗೆ ಆಡುತ್ತಿದ್ದರು.

ಮೊದಲ ತಪ್ಪು ನನ್ನದೇ. ತಾಲೀಮಿಗೆ ಅವರನ್ನು ಬ್ಯಾಡಗಿಗೆ ಕರೆಸಿದೆ, ಅದೂ ಫೆಬ್ರವರಿಯಲ್ಲಿ. ಆ ಹೊತ್ತಿಗೆ ನಮ್ಮೂರಿಗೆ ಮೆಣಸಿನಕಾಯಿ ಬರುವ ಸುಗ್ಗಿ; ಚೀಲ ಸುರಿದು ರಾಶಿ ಮಾಡುವ ಗೋದಾಮು ನನ್ನ ಅಂಗಡಿಯ ಹಿಂದೆಯೇ ಇದೆ. ನಮಗೆ ಆ ಘಾಟು ಗೊತ್ತೇ ಆಗುವುದಿಲ್ಲ. ಹೊರಗಿನವರು ಎರಡು ಸಲ ಸೀನಿ ಸುಮ್ಮನಾಗುತ್ತಾರೆ. ಕಾಕಾ ಸುಮ್ಮನಾಗಲಿಲ್ಲ. ಎಂಟನೆಯ ಸಾಲಿಗೆ ಹತ್ತಿದ ಕೆಮ್ಮು ಅವರನ್ನು ನೆಲಕ್ಕೆ ಕೂರಿಸಿತು. ಒಳಗಿನಿಂದ ನನ್ನ ಹೆಂಡತಿ ನೀರು ತಂದಳು. ಬಾಯಿ ಒರೆಸಿಕೊಂಡ ಟವೆಲನ್ನು ಕಾಕಾ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಆದರೆ ಅದರ ಮೇಲಿನ ಕೆಂಪು ನಾನು ನೋಡಿಬಿಟ್ಟಿದ್ದೆ.

"ಮೆಣಸಿನಕಾಯಿ ಬಣ್ಣ" ಎಂದರು. ಅಷ್ಟು ಸಂಕಟದಲ್ಲೂ ಮುಖದಲ್ಲಿ ನಗೆ ಇರಲಿಲ್ಲ, ಡ್ಯೂಟಿ ಇತ್ತು.

ಎರಡು ದಿನ ಬಿಟ್ಟು ಅವರ ಮಗಳು ಬಂದಳು. ಹಲಗೇರಿಯ ಶಾಲೆಯಲ್ಲಿ ಟೀಚರ್. ಒಬ್ಬಳೇ ಮಗಳು, ಗಂಡನ ಮನೆಯೂ ರಾಣೆಬೆನ್ನೂರೇ ಆದದ್ದರಿಂದ ತಂದೆಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಣ್ಣಾರ, ಅಪ್ಪಗ ಗಂಟಲದಾಗ ಗಡ್ಡಿ ಆಗೇತ್ರಿ. ಗಡ್ಡಿ ಸುಡಾಕ ಕರೆಂಟ್ ಕೊಡಿಸಿದ್ವಿ, ಹೋಗಲಿಲ್ಲ. ಈಗ ಹುಬ್ಬಳ್ಳ್ಯಾಗ ದನಿ ಪೆಟಿಗೀನ ತಗೀತೇವಿ ಅಂದಾರ. ಕುತಿಗಿಗೆ ತೂತ ಮಾಡ್ತಾರಂತ, ಅದರಾಗ ಉಸಿರಾಡಬೇಕಂತ."

ಹೊಲಿಯುತ್ತಿದ್ದ ತಿದಿಯನ್ನು ಬದಿಗಿಟ್ಟೆ.

"ನಾಟಕ ಆದ ಮ್ಯಾಲ ಆಪರೇಷನ್, ಅದಕ್ಕಿಂತ ಮೊದಲ ನಾ ಬರೂದಿಲ್ಲ ಅಂತ ಹಟ ಹಿಡದಾನ. ಡಾಕ್ಟರಿಗೆ ಕೈ ಮುಗದು, ನಾಟಕದ ಮರುದಿನಾನ ಅಡ್ಮಿಟ್ ಮಾಡೂ ದಿನಾ ಹಿಡಿಸೇನಿ. ಚೀರಬಾರದು, ಜೋರ ಮಾಡಬಾರದು ಅಂದಾರ. ಬಾವು ಬಂತಂದ್ರ ಉಸಿರ ಕಟ್ಟತೈತಂತ." ಅವಳು ನನ್ನ ಕಾಲುಪೇಟಿಯ ಕಡೆ ನೋಡಿದಳು. "ಒಂದ ಸಲ ಹಾಡ್ಲಿ ಅಣ್ಣಾರ. ಅದನ್ನ ಬ್ಯಾಡ ಅನ್ನಾಕ ನನಗೂ ಬಾಯಿಲ್ಲ. ಆದ್ರ ಒನ್ಸ್ ಮೋರ್ ಬ್ಯಾಡ್ರಿ. ಶ್ರುತಿ ನಿಮ್ಮ ಕಾಲಾಗ ಐತಿ."

ಆ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಒನ್ಸ್ ಮೋರ್ ಏನೆಂದು ಹೇಳಬೇಕು. ನಮ್ಮ ಕಡೆ ಹಾಡು ಚೆನ್ನಾಗಿ ಬಂದರೆ ಜನ ಒನ್ಸ್ ಮೋರ್ ಎಂದು ಕೂಗುತ್ತಾರೆ, ನಟ ಮತ್ತೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರ ಎದ್ದು ಬಂದು, ಹಾಡಿ, ಮತ್ತೊಮ್ಮೆ ಸತ್ತದ್ದನ್ನು ನಾನು ನೋಡಿದ್ದೇನೆ. ಜನ ಕೂಗಿದ ಮೇಲೆ ನಟ ಎರಡು ಹೆಜ್ಜೆ ಮುಂದೆ ಬಂದು ಪೇಟಿ ಮಾಸ್ತರನ ಕಡೆ ನೋಡುತ್ತಾನೆ. ಮಾಸ್ತರ ಶ್ರುತಿ ಕೊಡುತ್ತಾನೆ. ಕೊಡದಿದ್ದರೆ 'ನಿನ್ನದು ಮುಗಿಯಿತು, ನಡೆ' ಎಂದು ತುಂಬಿದ ಸಭೆಯಲ್ಲಿ ಹೇಳಿದ ಹಾಗೆ. ಅಂಥ ಅವಮಾನವನ್ನು ನಾನು ಯಾವ ಹಲ್ಕಟ್ ನಟನಿಗೂ ಮಾಡಿದವನಲ್ಲ.

ಮಗಳಿಗೆ ಹೂಂ ಎಂದೆ.

ಮಗಳು ಬಂದು ಹೋದದ್ದು ಕಾಕಾನಿಗೆ ಹೇಗೋ ತಿಳಿಯಿತು. ತಾಲೀಮು ಈಗ ಘಾಟಿಲ್ಲದ ಹಲಗೇರಿಯ ಶಾಲೆಗೆ, ಮಕ್ಕಳು ಮನೆಗೆ ಹೋದ ಮೇಲಿನ ಹೊತ್ತಿಗೆ ಬದಲಾಗಿತ್ತು. ಚಿಕ್ಕ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತು ಕಾಕಾ ಕೇಳಿದರು: "ಆಕಿ ಏನ ಅಂದ್ಲು ನಂಗೊತ್ತೈತಿ. ನೀ ನಂಗೊಂದು ಮಾತ ಕೊಡು ಮಾಸ್ತರ. ಅವತ್ತ ಮಂದಿ ಎಷ್ಟ ಸಲ ಕೇಳ್ತಾರ, ಅಷ್ಟ ಸಲ ಶ್ರುತಿ ಕೊಡಬೇಕು. ಮರುದಿನದಿಂದ ನಂಗ ಯಾರೂ ಕೇಳೂದಿಲ್ಲ."

ಅವರಿಗೂ ಹೂಂ ಎಂದೆ. ಇಬ್ಬರಿಗೂ ಹೂಂ ಅನ್ನುವುದು ಹೇಡಿಯ ಕೆಲಸ. ಅತ್ತ ದರಿ ಇತ್ತ ಪುಲಿ ಎಂದು ಈಗ ಹೇಳಿಕೊಳ್ಳಬಹುದು. ಆಗ ನನಗೆ ಇಲ್ಲ ಎನ್ನುವ ಧೈರ್ಯವಿರಲಿಲ್ಲ, ಅಷ್ಟೇ.

ನನ್ನಿಂದ ಸಂಗತಿ ತಿಳಿದ ಸರ್ ಬೇರೆ ದಾರಿ ಹುಡುಕಿದರು. ಸಿಪಾಯಿಗಳ ಮೇಳದಲ್ಲಿದ್ದ ಒಬ್ಬ ಬಸ್ ಕಂಡಕ್ಟರನಿಗೆ ಹಾಡು ಕಲಿಸಿ ನೋಡಿದರು. ಕುಪ್ಪೇಲೂರು, ಹಲಗೇರಿ ಎಂದು ದಿನವಿಡೀ ಕೂಗಿ ಪಳಗಿದ ನಾಲಗೆ, ಸಾಲುಗಳು ಪಟಪಟನೆ ಉರುಳಿದವು. ಕಲಿಸಿದ್ದು ಕಾಕಾ ಅವರೇ. ಎದುರಿಗೆ ನಿಂತು ಒಂದೊಂದು ಸಾಲನ್ನೂ ಪಿಸುಮಾತಿನಲ್ಲಿ ಹೇಳಿಕೊಟ್ಟರು. ಆದರೆ ಸಗಣಿಯ ಸಾಲಿಗೆ ಬಂದಾಗಲೆಲ್ಲ ಕಂಡಕ್ಟರ್ ತಾನೇ ಕಿಸಕ್ಕೆಂದು ನಗುತ್ತಿದ್ದ. ಸಾಹೇಬ ಹೋಗಿ ಅಲ್ಲಿ ಕಂಡಕ್ಟರನೇ ಉಳಿಯುತ್ತಿದ್ದ. "ನನ್ನ ಕೈಲೆ ಆಗೂದಿಲ್ರಿ. ಕಾಕಾ ಇದ್ದಾಗ ನಾ ಯಾಕ್ರಿ?" ಎಂದು ಅವನೇ ಬಿಟ್ಟುಕೊಟ್ಟ. ಅವನಿಗೆ ಕಾಯಿಲೆಯ ಸಂಗತಿ ಗೊತ್ತಿರಲಿಲ್ಲ.

ಉಳಿದದ್ದು ನನ್ನ ಕೆಲಸ. ಹಾಡನ್ನು ಆ ಗಂಟಲಿಗೆ ತಕ್ಕಂತೆ ಬಿಚ್ಚಿ ಕೂಡಿಸಬೇಕು, ಆದರೆ ನೋಡುವವರಿಗೆ ಹೊಲಿಗೆ ಕಾಣಬಾರದು. ಮೊದಲು ಶ್ರುತಿ ಇಳಿಸಿದೆ. ಕಾಕಾ ಜೀವಮಾನವಿಡೀ ಕರಿ ಎರಡರಲ್ಲಿ, ಅಂದರೆ ಪೇಟಿಯ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದವರು. ಅದನ್ನು ಕೆಳಗಿನ ಮೊದಲ ಬಿಳಿ ಮನೆಗೆ, ಬಿಳಿ ಒಂದಕ್ಕೆ, ತಂದೆ. ಅವರು ಒಪ್ಪಲಿಲ್ಲ, ಮುಖ ಊದಿಸಿಕೊಂಡರು. ಆಮೇಲೆ ಒಡಕು ದನಿ ಕೆಳಗಿನ ಮನೆಯಲ್ಲಿ ದೊಡ್ಡ ಅಧಿಕಾರಿಯ ಗತ್ತಿನಂತೆಯೇ ಕೇಳಿಸತೊಡಗಿದಾಗ ಒಪ್ಪಿದರು.

ಮುಂದಿನದು ಉಸಿರು. ಅವರು ಮೊದಲ ದಿನ ಒಂದು ಉಸಿರಿಗೆ ನಾಲ್ಕು ಸಾಲು ಹಾಡುತ್ತಿದ್ದರು. ವಾರದಲ್ಲಿ ಅದು ಮೂರಕ್ಕೆ ಬಂತು. ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಐದು ಕಡೆ ಗುರುತು ಹಾಕಿದೆ. ಮೊದಲ ಮೂರು ಉಸಿರನ್ನು ಸಿಪಾಯಿಗಳ "ಹೌದ್ರೀ ಸಾಹೇಬ್ರ" ಅಡಿಯಲ್ಲಿ ಮುಚ್ಚಿದೆ. ಅವರು ಎರಡು ಸಲ ಎನ್ನಲಿ, ಕಾಕಾ ಅಷ್ಟರಲ್ಲಿ ಎಳೆದುಕೊಳ್ಳಲಿ. ನಾಲ್ಕನೆಯದು ಕಠಿಣವಾಯಿತು. ಅಲ್ಲಿ ಉಸಿರು ಎಳೆಯುವಾಗ ಗಂಟಲೊಳಗಿಂದ ಸಣ್ಣ ಸೀಟಿಯಂಥ ಸದ್ದು ಬರುತ್ತಿತ್ತು. ನಾನು ಎಡಗೈಯಿಂದ ಪೇಟಿಯ ತಳದ ಸ್ವರವೊಂದನ್ನು ಉದ್ದಕ್ಕೆ ಒತ್ತಿ ಹಿಡಿದು ಅದನ್ನು ಮುಳುಗಿಸಿದೆ. ಒಬ್ಬ ಮನುಷ್ಯನ ಉಸಿರಿನ ಸದ್ದನ್ನು ಬಚ್ಚಿಡಲು ಪೇಟಿ ಬಾರಿಸುವುದು ಅದೇ ಮೊದಲು.

ಐದನೆಯ ಉಸಿರಿಗೆ, ಬೆಕ್ಕಿನ ಸಾಲಿಗೆ ಮುಂಚೆ, ಮೇಳವೂ ಹೊಂದುತ್ತಿರಲಿಲ್ಲ, ಪೇಟಿಯೂ ಹೊಂದುತ್ತಿರಲಿಲ್ಲ. ಕಾಕಾ ತಾವೇ ಉಪಾಯ ತೆಗೆದರು. ಸಾಹೇಬನ ಕೈಯಲ್ಲಿ ಒಂದು ಕಟ್ಟಿಗೆಯ ಶಿಕ್ಕಾ ಇತ್ತು, ಕಂಡಕಂಡದ್ದರ ಮೇಲೆ ಒತ್ತಲಿಕ್ಕೆ. "ಇಲ್ಲಿ ಮೂರು ಸಲ ಶಿಕ್ಕಾ ಹೊಡೀತೇನಿ. ಠಕ್, ಠಕ್, ಠಕ್. ಅಷ್ಟರಾಗ ನಂದು ಆಗತೈತಿ." ಹೊಡೆದು ತೋರಿಸಿದರು. ಮೇಳದವರು ಹೊಟ್ಟೆ ಹಿಡಿದು ನಕ್ಕರು. ಮೂರು ಠಕ್ಕಿನೊಳಗೆ ಒಬ್ಬ ಮನುಷ್ಯ ಗಾಳಿಗಾಗಿ ಹೋರಾಡುತ್ತಿದ್ದಾನೆಂದು ಗೊತ್ತಿದ್ದವರು, ಸರ್ ಅವತ್ತು ಬಂದಿರಲಿಲ್ಲವಾದ್ದರಿಂದ, ಆ ಕೋಣೆಯಲ್ಲಿ ಮೂವರೇ: ಅವರು, ನಾನು, ಬಾಗಿಲಲ್ಲಿ ನಿಂತಿದ್ದ ಮಗಳು.

ನಾಟಕ ಹಾವೇರಿಯಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ. ಆಪರೇಷನ್ನಿಗೆ ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿರಬೇಕಿತ್ತು. ರಂಗದ ಮುಂದೆ ಎಡಗಡೆ ಕೆಳಗೆ ನನ್ನ ಕಾಲುಪೇಟಿ. ಬಲಗಡೆಯ ವಿಂಗಿನಲ್ಲಿ ಮಗಳು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಮೊದಲು ಮೂಗು ಬಂತು. ಜನ ನಕ್ಕರು. ಆಮೇಲೆ ಸಾಹೇಬ ಬಂದ.

ಮೊದಲ ಸಲದ ಹಾಡು ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಐದು ಉಸಿರೂ ಐದು ಜಾಗದಲ್ಲಿ ಅಡಗಿ ಕುಳಿತವು. ಬೆಕ್ಕಿನ ಸಾಲು ಮುಗಿದದ್ದೇ ಹಿಂದಿನ ಕುರ್ಚಿಗಳಿಂದ ಕೂಗು ಎದ್ದಿತು: "ಒನ್ಸ್ ಮೋರ್!"

ಕಾಕಾ ಎರಡು ಹೆಜ್ಜೆ ಮುಂದೆ ಬಂದು ನನ್ನ ಕಡೆ ನೋಡಿದರು. ನಾನು ಮಗಳ ಕಡೆ ನೋಡಲಿಲ್ಲ. ಶ್ರುತಿ ಕೊಟ್ಟೆ.

ಎರಡನೆಯ ಸಲ ನಾಲ್ಕನೆಯ ಉಸಿರಿನಲ್ಲಿ ಸೀಟಿ ನನ್ನ ಸ್ವರವನ್ನೂ ಮೀರಿ ಕೇಳಿತು. ಸಿಪಾಯಿಗಳಲ್ಲಿ ಒಬ್ಬ ಅದೂ ಹೊಸ ಹಾಸ್ಯವೆಂದು ತಿಳಿದು ನಕ್ಕ. ಐದನೆಯದಕ್ಕೆ ಶಿಕ್ಕಾ ಮೂರು ಸಲ ಬಡಿಯಿತು, ನಿಲ್ಲಲಿಲ್ಲ. ನಾಲ್ಕು, ಐದು, ಆರು, ಏಳು. ಜನ ಒಂದೊಂದು ಠಕ್ಕಿಗೂ ಹೆಚ್ಚು ಹೆಚ್ಚು ನಗುತ್ತಿದ್ದರು. ಬಣ್ಣದ ಕೆಳಗೆ ಕಾಕಾನ ತುಟಿ ನೀಲಿಯಾಗಿದ್ದುದು ನನ್ನ ಜಾಗದಿಂದ ಕಾಣುತ್ತಿತ್ತು. ಕೊನೆಗೆ ಬೆಕ್ಕಿನ ಸಾಲು ಬಂತು, ಬರೀ ಗಾಳಿಯಾಗಿ. ಸಭೆ ಎದ್ದು ನಿಂತಿತು. ಎಲ್ಲ ಕಡೆಯಿಂದಲೂ ಒನ್ಸ್ ಮೋರ್.

ಅವರು ಮತ್ತೆ ಎರಡು ಹೆಜ್ಜೆ ಬಂದರು. ನನ್ನ ಕಡೆ ನೋಡಿದರು. ಆ ಕಣ್ಣಲ್ಲಿ ಬೇಡಿಕೆ ಇರಲಿಲ್ಲ, ನಂಬಿಕೆ ಇತ್ತು. ಈ ಸಲ ನಾನು ವಿಂಗಿನ ಕಡೆ ನೋಡಿದೆ. ಫ್ಲಾಸ್ಕು ಕೆಳಗಿತ್ತು, ಮಗಳ ಕೈ ತನ್ನದೇ ಗಂಟಲ ಮೇಲಿತ್ತು.

ಕಾಲು ಎತ್ತಿದೆ. ಪೇಟಿ ಬಾಯಿ ಮುಚ್ಚಿತು. ಬಗ್ಗಿ ಪಟ್ಟಾವನ್ನು ಹಿಡಿದು ಜಗ್ಗಿದಂತೆ ಮಾಡಿ, ಎದ್ದು ಕೈ ಎತ್ತಿದೆ: ಹರಿಯಿತು. ಅವರಿಗೆ ಹಾಡಲಾಗದು ಎಂದು ಜನರಿಗೆ ತಿಳಿಯುವುದಕ್ಕಿಂತ ನನ್ನ ಪೇಟಿಗೆ ಕೆಟ್ಟ ಹೆಸರು ಬರಲಿ ಎಂದುಕೊಂಡೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೆ.

ಕಾಕಾ ನನ್ನನ್ನು ನೋಡುತ್ತಲೇ ನಿಂತರು. ಆಮೇಲೆ ಹುಕುಂ ಸಾಹೇಬನೇ ಮಾತಾಡಿದ, ಒಡೆದ ದನಿಯಲ್ಲಿ, ತಡೆತಡೆದು: "ಬಾರಸಾಕ ಬರಲಾರದ ಮಾಸ್ತರ... ಪೇಟಿ ಮುರದೈತಿ ಅಂದನಂತ!" ಸಭೆ ಬಿದ್ದು ಬಿದ್ದು ನಕ್ಕಿತು. ಅವರು ರಂಗದ ತುದಿಗೆ ಬಂದು ಮಂಡಿಯೂರಿ, ಕೆಳಗೆ ಬಗ್ಗಿ, ನನ್ನ ಪೇಟಿಯ ಮುಚ್ಚಳದ ಮೇಲೆ ಠಕ್ಕೆಂದು ಶಿಕ್ಕಾ ಒತ್ತಿದರು. "ಹುಕುಂ! ನಂದೊಂದು ಪದ... ನಿನ್ನ ಕಡೆ ಬಾಕಿ ಐತಿ. ನಾ ಬಂದು ಕೇಳಿದಾಗ... ಕೊಡತಕ್ಕದ್ದು."

ಆ ಮನುಷ್ಯನ ಬಾಯಿಂದ ಸಭೆ ಕೇಳಿದ ಕೊನೆಯ ಮಾತು ಅದು. ಹಿಂದೆ ಹಿಂದೆ ಸರಿಯುತ್ತ ವಿಂಗಿನೊಳಗೆ ಹೋದರು, ಕೊನೆಗೆ ಮೂಗು ಮಾತ್ರ ಉಳಿಯಿತು, ಆಮೇಲೆ ಅದೂ ಹೋಯಿತು.

ಉಳಿದಿದ್ದ ಮದುವೆಯ ದೃಶ್ಯಕ್ಕೆ ಹಾಡಿರಲಿಲ್ಲ, ಪೇಟಿ ಬೇಕಾಗಲಿಲ್ಲ. ಪರದೆ ಬಿದ್ದ ಮೇಲೆ ನಾನು ಪೇಟಿ ಕಟ್ಟುತ್ತಿದ್ದೆ. ಕಾಕಾ ಅರ್ಧ ಬಣ್ಣ ಒರೆಸಿಕೊಂಡೇ ಕೆಳಗಿಳಿದು ಬಂದರು. ಬಲಗಾಲಿನಿಂದ ಹಲಗೆಯನ್ನು ಒಮ್ಮೆ ಒತ್ತಿದರು. ಪೇಟಿ ಎದೆ ತುಂಬ ಗಾಳಿ ಎಳೆದುಕೊಂಡಿತು, ಒಂದಿಷ್ಟೂ ಸೋರಲಿಲ್ಲ. ನನ್ನ ಮುಖ ನೋಡಿ, ಮಗಳ ಹೆಗಲು ಹಿಡಿದುಕೊಂಡು ಹೊರಟುಹೋದರು.

ಸೋಮವಾರ ಹೋಗಿ ಸೇರಿಕೊಂಡರು, ಎರಡು ದಿನದ ಮೇಲೆ ಆಪರೇಷನ್ ಆಯಿತು. ಮಗಳು ಫೋನು ಮಾಡಿ, "ನೀವು ಕಡೀಕ ಮಾತ ಉಳಿಸಿದ್ರಿ ಅಣ್ಣಾರ, ಭಾಳ ಉಪಕಾರಾತು" ಎಂದಳು. ಸರ್ ಕೂಡ, "ಜೀವ ಉಳಿಸಿದ್ರಿ ಮಾಸ್ತರ" ಎಂದರು. ಇನ್ನೊಂದು ಸಲ ಹಾಡಿದ್ದರೆ ಏನಾದರೂ ಆಗುತ್ತಿತ್ತೇನೋ, ಆಗದೆಯೂ ಇರಬಹುದಿತ್ತು. ಡಾಕ್ಟರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಖಾತ್ರಿ ಇದ್ದದ್ದು ಒಂದೇ: ಆ ದನಿಗೆ ಉಳಿದಿದ್ದದ್ದು ಒಂದು ಸಂಜೆ, ಅದರಲ್ಲಿ ಒಂದು ಹಾಡನ್ನು ನಾನು ಕಿತ್ತುಕೊಂಡೆ. ಅದೂ ಸುಳ್ಳು ಹೇಳಿ. ಶ್ರುತಿ ಕೊಡದೆ ಕಣ್ಣಿಗೆ ಕಣ್ಣಿಟ್ಟು 'ಬ್ಯಾಡ ಕಾಕಾ' ಎಂದಿದ್ದರೆ ಅವರು ಬೈದು ಸುಮ್ಮನಾಗುತ್ತಿದ್ದರೇನೋ. ಹುಬ್ಬಳ್ಳಿಗೆ ಒಮ್ಮೆ ಹೋದೆ. ವಾರ್ಡಿನ ಬಾಗಿಲಿನಿಂದ ಅವರ ಕುತ್ತಿಗೆಯ ಮೇಲಿನ ಬಿಳಿ ಬಟ್ಟೆ ಏರಿಳಿಯುವುದು ಕಂಡಿತು. ತಂದ ಮೋಸಂಬಿಯನ್ನು ನರ್ಸಿಗೆ ಕೊಟ್ಟು ಹಿಂತಿರುಗಿದೆ.

ಆ ನಾಟಕವನ್ನು ರಾಣೆಬೆನ್ನೂರಿನಲ್ಲಿ ಮತ್ತೆ ಆಡಬೇಕೆಂದರು, ಕಂಡಕ್ಟರನನ್ನೇ ಸಾಹೇಬ ಮಾಡಿ. ನಾನು ಬರುವುದಿಲ್ಲ ಎಂದೆ. ಮುಚ್ಚಳದ ಮೇಲೆ ಶಿಕ್ಕಾದ ನೇರಳೆ ಗುರುತು ಹಾಗೇ ಇತ್ತು. ಒರೆಸಲು ಕೈ ಬರಲಿಲ್ಲ, ನೋಡಲು ಮನಸ್ಸು ಬರಲಿಲ್ಲ; ಮೇಲೊಂದು ಬಟ್ಟೆ ಹಾಕಿ ಮೂಲೆಗೆ ತಳ್ಳಿದೆ.

ಕಾಕಾ ಬಂದದ್ದು ಆಗಸ್ಟಿನಲ್ಲಿ. ಮೆಣಸಿನಕಾಯಿ ಸುಗ್ಗಿ ಮುಗಿದು ಗಾಳಿ ತಿಳಿಯಾಗಿತ್ತು. ಒಬ್ಬರೇ ಬಸ್ಸಿಳಿದು ನಡೆದು ಬಂದಿದ್ದರು. ತೆಳ್ಳಗಾಗಿದ್ದರು. ಕುತ್ತಿಗೆಗೆ ಒಗೆದ ಬಿಳಿ ಕರವಸ್ತ್ರ, ಕಂಕುಳಲ್ಲಿ ಮಗಳ ಶಾಲೆಯ ಒಂದು ಪಾಟಿ, ಕಿಸೆಯಲ್ಲಿ ಬಳಪ. ನಾನು ಏಳುವಷ್ಟರಲ್ಲಿ ಇನ್ನೊಂದು ಕಿಸೆಯಿಂದ ಶಿಕ್ಕಾ ತೆಗೆದು ನನ್ನ ಮೇಜಿನ ಮೇಲೆ ಹೊಡೆದರು. ಠಕ್.

ನನ್ನ ಹೆಂಡತಿ ಒಳಬಾಗಿಲಿಗೆ ಬಂದು ನೋಡಿದಳು. "ಚಾಯ್ ಪೀಕೆಚ್ ಜಾನಾ ಬೋಲೋ" ಎಂದು, ಚಹಾ ಕುಡಿದೇ ಹೋಗಬೇಕೆಂದು ನಮ್ಮ ಮನೆಯ ಉರ್ದುವಿನಲ್ಲಿ ನನಗೆ ಹೇಳಿ ಒಲೆಯ ಕಡೆ ಹೋದಳು. ನಾನು ಬಟ್ಟೆ ಸರಿಸಿ ಪೇಟಿ ಎಳೆದೆ. ಬಿಳಿ ಒಂದರಲ್ಲಿ ಶ್ರುತಿ ಕೊಟ್ಟೆ. ಅವರು ಬೇಡವೆಂದು ತಲೆಯಾಡಿಸಿ ಬೆರಳು ಮೇಲೆತ್ತಿದರು. ಇನ್ನೂ ಮೇಲೆ. ಕರಿ ಎರಡು ಮುಟ್ಟಿದಾಗ ಸರಿ ಎಂದು ತಲೆದೂಗಿದರು.

ಶುರು ಮಾಡಿದೆವು. ಎದುರಿಗೆ ನಿಂತಿದ್ದು ಕಾಕಾ ಅಲ್ಲ, ಹುಕುಂ ಸಾಹೇಬ. ಹುಬ್ಬು, ಕುತ್ತಿಗೆ, ಬೆರಳು, ಎಲ್ಲ ಡ್ಯೂಟಿಯ ಮೇಲಿದ್ದವು. ತುಟಿಗಳು ಒಂದೊಂದು ಅಕ್ಷರವನ್ನೂ ಆಡುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ. ಮೂರು ಪ್ರತಿಯ ಸಾಲಿಗೆ ಬಂದಾಗ ನಾನು ನಿಲ್ಲಿಸಿದೆ. ಅವರು ನಿಲ್ಲಲಿಲ್ಲ, ಮುಂದೆ ಹೋಗಿಬಿಟ್ಟರು. ಅವರೊಂದು ಕಡೆ, ಪೇಟಿಯೊಂದು ಕಡೆ ಆಯಿತು. ಕೈ ಬೀಸಿ ಮತ್ತೆ ಮೊದಲಿನಿಂದ ಎಂದರು. ಮತ್ತೆ ಅಲ್ಲೇ ನಿಂತೆ. ಮತ್ತೆ ಅವರು ಮುಂದೆ ಹೋದರು. ಸಿಟ್ಟಿನಿಂದ ಪಾಟಿ ತೆಗೆದುಕೊಂಡು ಬರೆದು ತೋರಿಸಿದರು: "ಯಾಕ ನಿಲ್ಲಸ್ತಿ?"

"ನಿಮ್ಮ ಉಸಿರು, ಕಾಕಾ" ಎಂದೆ. "ಇಲ್ಲೇ ಅಲ್ಲ ಮೊದಲನೇದು?"

ಅವರು ನನ್ನನ್ನೇ ನೋಡಿದರು. ಕರವಸ್ತ್ರದ ಅಂಚು ಸರಿಸಿ ಕುತ್ತಿಗೆಯನ್ನು ತೋರಿಸಿದರು, ಆಮೇಲೆ ತುಟಿಯನ್ನು. ಪಾಟಿಯನ್ನು ತೋಳಿನಿಂದ ಒರೆಸಿ ನಿಧಾನವಾಗಿ ಬರೆದರು: "ಉಸಿರಿನ ದಾರಿ ಈಗ ಬ್ಯಾರೆ. ಪದಕ್ಕ ಉಸಿರು ಬೇಕಾಗಿಲ್ಲ. ಓಡಿಸು."

ಓಡಿಸಿದೆ. ಹದಿನಾರು ಸಾಲನ್ನೂ ಎಲ್ಲಿಯೂ ನಿಲ್ಲದೆ, ಸರ್ ತಂದ ಆ ಹರಿದ ಪುಸ್ತಕದಲ್ಲಿ ಇದ್ದ ಹಾಗೆಯೇ. ಕೆಂಪು ಪೆನ್ಸಿಲಿನ ಐದು ಗುರುತುಗಳನ್ನೂ ದಾಟಿಕೊಂಡು ಹೋದೆವು. ಕಣ್ಣು ಮಂಜಾಗಿ ಪೇಟಿಯ ಮನೆಗಳು ಕಾಣಲಿಲ್ಲ, ಬೆರಳು ತಾವಾಗಿ ಹೋದವು. ಅವರ ತುಟಿ ನನ್ನ ಬೆರಳಿಗಿಂತ ಮುಂದಿತ್ತು. ಬೆಕ್ಕಿನ ಸಾಲಿಗೆ ನಾನು ಪೇಟಿಯನ್ನು ಮೆತ್ತಗೆ ಮಾಡಿದೆ. ಅವರು ಅದನ್ನು ಯಾವಾಗಲೂ ಆಡುತ್ತಿದ್ದಷ್ಟೇ ಮೆತ್ತಗೆ ಆಡಿದರು. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಆ ನಾಟಕವನ್ನು ನೋಡಿಯೇ ಇರದವಳು, ಒಂದು ಮಾತೂ ಕೇಳದೆಯೇ ಜೋರಾಗಿ ನಕ್ಕುಬಿಟ್ಟಳು. ಕಾಕಾ ಅವಳ ಕಡೆ ತಿರುಗಿ ತಲೆಬಾಗಿದರು.

ನಾನು ಕಾಲು ಎತ್ತಲಿಲ್ಲ. ಇನ್ನೊಂದು ಸಲ ಕೇಳಬಹುದೆಂದು ತುಳಿಯುತ್ತಲೇ ಇದ್ದೆ. ಕರಿ ಎರಡರ ಮೇಲೆ ಬೆರಳಿಟ್ಟು ಅವರ ಮುಖ ನೋಡುತ್ತ ಕುಳಿತೆ. ಅವರು ಕೇಳಲಿಲ್ಲ. ಬಾಕಿ ಇದ್ದದ್ದು ಒಂದೇ. ಶಿಕ್ಕಾವನ್ನು ಕಿಸೆಗೆ ಹಾಕಿಕೊಂಡು, ಚಹಾ ಕುಡಿದು, ರಾಣೆಬೆನ್ನೂರಿನ ಬಸ್ಸು ಹಿಡಿದು ಹೋದರು.